ಹೆಲ್ಮೆಟ್ ಬರುವುದು ಕೊನೆಗೆ: ಕಟ್ಟಡ ಕೆಲಸದವರ ಸುರಕ್ಷತೆ ಅಂದರೆ ಏನು?

ನಮ್ಮ ಎದುರು ಸೈಟಿನಲ್ಲಿ ಮನೆ ಏಳುತ್ತಿದೆ. ಬೆಳಿಗ್ಗೆ ಒಂಬತ್ತಕ್ಕೆ ಗ್ರಾನೈಟ್ ಕತ್ತರಿಸುವ ಮಿಷನ್ ಶುರುವಾಗುತ್ತದೆ. ಹತ್ತು ನಿಮಿಷದಲ್ಲಿ ಬೀದಿಯಲ್ಲಿ ನಿಂತ ಬೈಕುಗಳ ಸೀಟೆಲ್ಲ ಬೆಳ್ಳಗಾಗುತ್ತದೆ. ನಾವು ಕಿಟಕಿ ಮುಚ್ಚಿಕೊಳ್ಳುತ್ತೇವೆ. ಕತ್ತರಿಸುವ ಹುಡುಗ ಮೂಗಿಗೆ ಟವೆಲ್ ಸುತ್ತಿಕೊಂಡು, ಕುಕ್ಕರುಗಾಲಲ್ಲಿ ಕೂತು ಕೆಲಸ ಮುಂದುವರಿಸುತ್ತಾನೆ. ತಲೆ ಮೇಲೆ ಹಳದಿ ಹೆಲ್ಮೆಟ್ ಇದೆ. ಹಾಗಾಗಿ ‘ಸೇಫ್ಟಿ’ ಇದೆ ಅಂತ ಎಲ್ಲರ ಲೆಕ್ಕ. ಅವನನ್ನು ನಿಧಾನವಾಗಿ ತಿನ್ನುತ್ತಿರುವುದು ಮಾತ್ರ ಮೂಗಿನ ಮೂಲಕ ಒಳಗೆ ಹೋಗುತ್ತಿದೆ.

2025ರ ನವೆಂಬರ್ 21ರಂದು ದೇಶದಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅದರಲ್ಲಿ ಒಂದು ಪೂರ್ತಿಯಾಗಿ ಕೆಲಸದ ಜಾಗದ ಸುರಕ್ಷತೆ ಮತ್ತು ಆರೋಗ್ಯದ ಬಗ್ಗೆಯೇ ಇದೆ. ಮನೆ ಕಟ್ಟಿಸುತ್ತಿರುವವರು, ಫ್ಲ್ಯಾಟ್ ಬುಕ್ ಮಾಡಿದವರು, ಮೇಸ್ತ್ರಿಗಳು, ಎಲ್ಲರೂ ಈಗ ಒಂದಲ್ಲ ಒಂದು ಸಲ ಕೇಳುತ್ತಿದ್ದಾರೆ: ಸುರಕ್ಷತೆ ಅಂದರೆ ನಿಜವಾಗಿ ಏನು ಮಾಡಬೇಕು? ಬುಡದಿಂದ ನೋಡೋಣ.

ಬಾಣಲೆಯ ಲೆಕ್ಕ

ಅಡುಗೆಮನೆಯಲ್ಲಿ ಬೋಂಡ ಕರಿಯುತ್ತಿದ್ದೀರಿ, ಪುಟ್ಟ ಮಗು ಓಡಾಡುತ್ತಿದೆ ಅಂದುಕೊಳ್ಳಿ. ಮಗುವಿಗೆ ಎಣ್ಣೆ ಸಿಡಿಯದಂತೆ ಏನು ಮಾಡುತ್ತೀರಿ? ಒಂದು, ಇವತ್ತು ಬೋಂಡವೇ ಬೇಡ ಅನ್ನಬಹುದು. ಎರಡು, ಬೋಂಡದ ಬದಲು ಇಡ್ಲಿ ಮಾಡಬಹುದು. ಮೂರು, ಬಾಗಿಲಿಗೆ ಅಡ್ಡ ಹಲಗೆ ಹಾಕಬಹುದು. ನಾಲ್ಕು, ‘ಒಳಗೆ ಬರಬೇಡ’ ಅಂತ ಹೇಳಬಹುದು. ಐದು, ಮಗುವಿಗೆ ದಪ್ಪ ಬಟ್ಟೆ ತೊಡಿಸಬಹುದು. ಐದನೆಯದನ್ನೇ ಮೊದಲು ಮಾಡುವ ತಾಯಿಯನ್ನು ನಾನಂತೂ ನೋಡಿಲ್ಲ.

ಸುರಕ್ಷತೆಯ ಕೆಲಸ ಮಾಡುವವರು ಜಗತ್ತಿನಾದ್ಯಂತ ಹಿಡಿಯುವ ಕ್ರಮವೂ ಇದೇ. ಮೊದಲು ಅಪಾಯವನ್ನೇ ತೆಗೆಯುವುದು. ಆಗದಿದ್ದರೆ ಅದರ ಬದಲು ಕಡಿಮೆ ಅಪಾಯದ್ದನ್ನು ತರುವುದು. ಅದೂ ಆಗದಿದ್ದರೆ ಅಪಾಯಕ್ಕೂ ಮನುಷ್ಯನಿಗೂ ನಡುವೆ ತಡೆ ಹಾಕುವುದು. ಆಮೇಲೆ ನಿಯಮ, ತರಬೇತಿ, ಕೆಲಸದ ವೇಳೆ. ಕಟ್ಟಕಡೆಗೆ ಮೈಮೇಲೆ ಹಾಕಿಕೊಳ್ಳುವ ಸಾಮಾನು: ಹೆಲ್ಮೆಟ್, ಬೂಟು, ಗ್ಲೌಸು, ಬೆಲ್ಟು.

ಹೆಲ್ಮೆಟ್ ಬೇಡ ಅಂತಲ್ಲ, ಖಂಡಿತ ಬೇಕು. ಆದರೆ ಮೈಮೇಲಿನ ಸಾಮಾನು ಕೆಲಸ ಮಾಡಬೇಕಾದರೆ ಪ್ರತಿಯೊಬ್ಬ ಆಳೂ ಪ್ರತಿ ನಿಮಿಷವೂ ಅದನ್ನು ಸರಿಯಾಗಿ ಹಾಕಿಕೊಂಡಿರಬೇಕು. ಕಟ್ಟೆಯಂಚಿಗೆ ಒಮ್ಮೆ ಕಂಬಿ ಕಟ್ಟಿದರೆ ಅದು ಮರೆಯುವುದಿಲ್ಲ, ಸೆಕೆಗೆ ಬಿಚ್ಚಿಡುವುದೂ ಇಲ್ಲ. ನಮ್ಮ ಸೈಟುಗಳಲ್ಲಿ ಐದನೆಯದು ಮೊದಲಾಗಿಬಿಟ್ಟಿದೆ. ಅದು ಅಗ್ಗ, ಫೋಟೋದಲ್ಲೂ ಚೆನ್ನಾಗಿ ಕಾಣುತ್ತದೆ.

ಹತ್ತಡಿ, ಮುಕ್ಕಾಲು ಸೆಕೆಂಡು

ಕಟ್ಟಡ ಕೆಲಸದಲ್ಲಿ ಜೀವ ಹೋಗುವ ದೊಡ್ಡ ದಾರಿ ಮೇಲಿಂದ ಬೀಳುವುದು. ನಲವತ್ತು ಮಹಡಿಯ ಟವರ್ ಬೇಕಿಲ್ಲ. ಒಂದು ಮಹಡಿ, ಅಂದರೆ ಸುಮಾರು 3 ಮೀಟರ್ ಸಾಕು. ಅಲ್ಲಿಂದ ನೆಲ ಮುಟ್ಟಲು ಹಿಡಿಯುವುದು 0.8 ಸೆಕೆಂಡು. ಮುಟ್ಟುವ ಹೊತ್ತಿಗೆ ವೇಗ ಗಂಟೆಗೆ 27 ಕಿ.ಮೀ. ದಾಟಿರುತ್ತದೆ. ಎರಡು ಮಹಡಿಯಾದರೆ ಸುಮಾರು 39. ಹೆಲ್ಮೆಟ್ ಇಲ್ಲದೆ ಸ್ಕೂಟರಿನಲ್ಲಿ ಹೋಗಿ ಗೋಡೆಗೆ ಗುದ್ದಿದ ಹಾಗೆ.

ಹಾಗಾದರೆ ಎಲ್ಲಿಂದ ಬೀಳುತ್ತಾರೆ? ಸಾರುವೆಯಿಂದ, ಏಣಿಯಿಂದ, ಕಟಕಟೆ ಇಲ್ಲದ ಮೋಲ್ಡಿನ, ಅಂದರೆ ಕಾಂಕ್ರೀಟ್ ಛಾವಣಿಯ, ಅಂಚಿನಿಂದ. ಇನ್ನೂ ಮೋಸದ ಜಾಗಗಳಿವೆ: ಲಿಫ್ಟಿಗೆ ಬಿಟ್ಟ ಗುಂಡಿ, ಪೈಪಿಗೆ ಬಿಟ್ಟ ಡಕ್ಟು. ಅದರ ಮೇಲೆ ಯಾರೋ ಒಂದು ಪ್ಲೈವುಡ್ ಮುಚ್ಚಿರುತ್ತಾರೆ. ಇನ್ಯಾರೋ ಆ ಪ್ಲೈವುಡ್ ಬೇಕು ಅಂತ ಎತ್ತುತ್ತಾರೆ. ಎರಡೂ ಕೈಯಲ್ಲಿ ಹಲಗೆ, ಕಣ್ಣಿಗೆ ಹಲಗೆಯೇ ಅಡ್ಡ, ಮುಂದಿನ ಹೆಜ್ಜೆ ನೇರ ಗುಂಡಿಗೆ. ಮುಚ್ಚಿದ ಹಲಗೆಗೆ ನಾಲ್ಕು ಮೊಳೆ ಹೊಡೆದು ‘ಗುಂಡಿ’ ಅಂತ ಬಣ್ಣದಲ್ಲಿ ಬರೆದಿದ್ದರೆ ಅಷ್ಟೇ ಸಾಕಿತ್ತು.

ಸಾರುವೆಗೂ ಲೆಕ್ಕವಿದೆ. ನಿಲ್ಲುವ ಹಲಗೆಗಳ ನಡುವೆ ಕಾಲು ಸಿಕ್ಕುವಷ್ಟು ಸಂದು ಇರಬಾರದು. ಸೊಂಟದೆತ್ತರಕ್ಕೆ, ಸುಮಾರು ಒಂದು ಮೀಟರಿಗೆ, ಒಂದು ಅಡ್ಡಕಂಬಿ. ಮಂಡಿಯ ಮಟ್ಟಕ್ಕೆ ಇನ್ನೊಂದು. ಕಾಲಬುಡದಲ್ಲಿ ಗೇಣೆತ್ತರದ ಹಲಗೆ. ಕೆಳಗಿನ ಹಲಗೆ ಯಾಕೆ? ಇಟ್ಟಿಗೆ, ಕರಣೆ, ಸುತ್ತಿಗೆ ಜಾರಿ ಬೀಳದಿರಲು. ಮೂರು ಮಹಡಿಯಿಂದ ಬಿದ್ದ ಇಟ್ಟಿಗೆ ನೆಲಕ್ಕೆ ಬರುವಾಗ ಗಂಟೆಗೆ 48 ಕಿ.ಮೀ. ವೇಗದಲ್ಲಿರುತ್ತದೆ. ಕೆಳಗೆ ಬಾಂಡ್ಲಿ ಹೊತ್ತ ಹೆಂಗಸು ಇರುತ್ತಾಳೆ, ಅಲ್ವಾ?

ಇನ್ನು ಸೇಫ್ಟಿ ಬೆಲ್ಟು. ಹಳೆಯ ಸೊಂಟದ ಪಟ್ಟಿ ಬಿದ್ದವನನ್ನು ನಡುವಿಗೆ ಮಡಚಿ ಹಾಕುತ್ತದೆ. ಬೆನ್ನುಮೂಳೆಗೂ ಹೊಟ್ಟೆಯ ಅಂಗಗಳಿಗೂ ಏಟು. ಅದಕ್ಕೇ ಈಗ ಭುಜ, ಎದೆ, ತೊಡೆ ಎಲ್ಲ ಸುತ್ತುವ ಪೂರ್ಣ ಪಟ್ಟಿ ಬೇಕು ಅನ್ನುತ್ತಾರೆ. ಅದನ್ನು ಹಾಕಿಕೊಂಡರೂ ಕೊಕ್ಕೆಯನ್ನು ಎಲ್ಲಿಗೆ ಸಿಕ್ಕಿಸುತ್ತೀರಿ ಅನ್ನುವುದೇ ಮುಖ್ಯ. ಹಗ್ಗ 1.8 ಮೀಟರ್ ಇದೆ, ಕೊಕ್ಕೆ ಕಾಲ ಬಳಿ ಇದೆ ಅಂದುಕೊಳ್ಳಿ. ಪಟ್ಟಿಯ ಬೆನ್ನಲ್ಲಿ ಹಗ್ಗ ಸಿಕ್ಕಿಸುವ ಬಳೆ ಕಾಲಿಗಿಂತ ಸುಮಾರು 1.4 ಮೀಟರ್ ಮೇಲಿರುತ್ತದೆ. ಹಗ್ಗ ಬಿಗಿಯಾಗುವಷ್ಟರಲ್ಲಿ ಮನುಷ್ಯ 3.2 ಮೀಟರ್ ಬಿದ್ದಿರುತ್ತಾನೆ. ಮೊದಲ ಮಹಡಿಯಲ್ಲಿ ನಿಂತವನಿಗೆ ಹಗ್ಗಕ್ಕಿಂತ ಮುಂಚೆ ನೆಲವೇ ಸಿಗುತ್ತದೆ! ಕೊಕ್ಕೆ ತಲೆಯ ಮೇಲೆ, ಗಟ್ಟಿ ಜಾಗಕ್ಕೆ ಇರಬೇಕು ಅನ್ನುವುದು ಇದಕ್ಕೇ. ಬಿದ್ದು ಜೋತಾಡುತ್ತಿರುವವನನ್ನು ಕೆಲವೇ ನಿಮಿಷದಲ್ಲಿ ಇಳಿಸುವ ಏರ್ಪಾಡೂ ಬೇಕು. ಅಲುಗಾಡದೆ ನೇತಾಡಿದರೆ ರಕ್ತವೆಲ್ಲ ಕಾಲಿಗೆ ಇಳಿದು ಜ್ಞಾನ ತಪ್ಪುತ್ತದೆ.

ಮಣ್ಣು, ಮೋಲ್ಡು, ಕರೆಂಟು

ಒಂದು ಘನ ಮೀಟರ್ ಮಣ್ಣು, ಅಂದರೆ ಎಲ್ಲ ಕಡೆ ಸುಮಾರು ಮೂರೂಕಾಲು ಅಡಿ ಇರುವ ಒಂದು ಪೆಟ್ಟಿಗೆಯಷ್ಟು, ಒಂದೂವರೆ ಟನ್‌ಗೂ ಜಾಸ್ತಿ ತೂಗುತ್ತದೆ. ಎರಡು ಆಲ್ಟೊ ಕಾರಿನಷ್ಟು ಭಾರ. ಪೈಪಿಗೋ ಸಂಪಿಗೋ ತೋಡಿದ ಗುಂಡಿಯ ಗೋಡೆ ಕುಸಿದರೆ ಎದೆಯವರೆಗೆ ಹೂತರೂ ಸಾಕು. ಉಸಿರು ಬಿಟ್ಟಾಗ ಎದೆ ಕುಗ್ಗುತ್ತದೆ, ಮಣ್ಣು ಆ ಜಾಗ ತುಂಬುತ್ತದೆ, ಮತ್ತೆ ಉಸಿರು ಎಳೆಯಲು ಎದೆ ಅರಳುವುದಿಲ್ಲ. ಹಾಗಾಗಿ 1.5 ಮೀಟರ್‌ಗಿಂತ ಆಳದ ಗುಂಡಿಗೆ ಹಲಗೆ, ಅಡ್ಡಗಂಬ ಕೊಟ್ಟು ಗೋಡೆ ತಡೆಯಬೇಕು ಅನ್ನುವುದು ನಿಯಮ. ತೆಗೆದ ಮಣ್ಣನ್ನು ಗುಂಡಿಯ ಅಂಚಿನಲ್ಲೇ ರಾಶಿ ಹಾಕಬಾರದು. ಮಳೆ ಬಂದ ಮಾರನೇ ದಿನ ಸುಮ್ನೆ ಇಳಿಯಬಾರದು.

ಹೊಸದಾಗಿ ಕಟ್ಟಿದ ಸಂಪಿನ ವಿಷಯ ಗೊತ್ತಿರುವವರು ಕಡಿಮೆ. ಒಳಗೆ, ಕಾಂಕ್ರೀಟು ಗಟ್ಟಿಯಾಗುವವರೆಗೆ ಹಿಡಿದಿಡಲು ಕೊಟ್ಟ ಸೆಂಟ್ರಿಂಗ್ ಹಲಗೆಗಳು ಒದ್ದೆಯಲ್ಲಿ ದಿನಗಟ್ಟಲೆ ಕೊಳೆಯುತ್ತ ಅಲ್ಲಿನ ಆಮ್ಲಜನಕವನ್ನು ತಿಂದಿರುತ್ತವೆ. ಹಲಗೆ ಬಿಚ್ಚಲು ಇಳಿದವನು ಸದ್ದಿಲ್ಲದೆ ಕುಸಿಯುತ್ತಾನೆ. ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ. ಹೀಗೆ ಎರಡು, ಮೂರು ಜೀವ. ಮುಚ್ಚಳ ಪೂರ್ತಿ ತೆಗೆದು, ಬ್ಲೋವರ್‌ನಿಂದ ಗಾಳಿ ಹಾಯಿಸಿ, ಮೈಗೆ ಪೂರ್ಣ ಪಟ್ಟಿ ಹಾಕಿ ಅದಕ್ಕೆ ಹಗ್ಗ ಕಟ್ಟಿ, ಮೇಲೊಬ್ಬ ಕಾವಲು ನಿಂತ ಮೇಲೆಯೇ ಇಳಿಯಬೇಕು.

ಮೋಲ್ಡಿಗೆ ಕೆಳಗಿನಿಂದ ಆಸರೆ ಕೊಟ್ಟ ಜಾಕಿಯನ್ನು ಯಾವಾಗ ತೆಗೆಯಬಹುದು? ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಹೇಳುವುದು: ಸಾಮಾನ್ಯ ಸಿಮೆಂಟಿನಲ್ಲಿ, ಗೋಡೆಯಿಂದ ಗೋಡೆಗೆ 4.5 ಮೀಟರ್‌ವರೆಗಿನ ಮೋಲ್ಡಿಗೆ ಕನಿಷ್ಠ 7 ದಿನ, ಅದಕ್ಕಿಂತ ದೊಡ್ಡದಕ್ಕೆ 14 ದಿನ. ಆರು ಮೀಟರ್ ದಾಟಿದ ತೊಲೆಗೆ 21 ದಿನ. ಜಾಕಿಯ ಬಾಡಿಗೆ ದಿನದ ಲೆಕ್ಕದಲ್ಲಿರುತ್ತದೆ. ಆತುರಕ್ಕೆ ಕಾರಣ ಅಲ್ಲೇ ಇದೆ. ಕಟ್ಟುತ್ತಿದ್ದ ಕಟ್ಟಡ ಬಿದ್ದರೆ ಏನಾಗುತ್ತದೆ ಅನ್ನುವುದನ್ನು ನಾವು 2019ರ ಮಾರ್ಚ್‌ನಲ್ಲಿ ಧಾರವಾಡದಲ್ಲಿ ನೋಡಿದ್ದೇವೆ. ಅಲ್ಲಿ 19 ಜನ ಸತ್ತರು.

ಕರೆಂಟಿಗೆ ಒಂದೇ ಮಾತು. ಸೈಟಿನ ಬೋರ್ಡಿನಲ್ಲಿ ಆರ್‌ಸಿಸಿಬಿ ಅನ್ನುವ ಸ್ವಿಚ್ಚು ಇದೆಯಾ ನೋಡಿ. ಕರೆಂಟು ದಾರಿ ತಪ್ಪಿ ಮೈಯೊಳಗೆ ಹರಿಯತೊಡಗಿದರೆ 30 ಮಿಲಿಆಂಪಿಗೇ ಲೈನ್ ಕಟ್ ಮಾಡುತ್ತದೆ. ಹಳೇ 60 ವ್ಯಾಟ್ ಬಲ್ಬು ಎಳೆಯುವ ಕರೆಂಟಿನ ಒಂಬತ್ತನೇ ಒಂದು ಪಾಲಿನಷ್ಟು ಅದು. ಮಾಮೂಲಿ ಎಂಸಿಬಿ ಇಷ್ಟು ಕಡಿಮೆಗೆ ಬೀಳುವುದಿಲ್ಲ, ಅದು ಇರುವುದು ವೈರು ಸುಡದಿರಲಿ ಅಂತ.

ಕಣ್ಣಿಗೆ ಕಾಣದ ಧೂಳು

ಈಗ ಎದುರು ಸೈಟಿನ ಹುಡುಗನ ವಿಷಯಕ್ಕೆ ಬರೋಣ. ಗ್ರಾನೈಟ್, ಜಲ್ಲಿ, ಮರಳು, ಎಂ ಸ್ಯಾಂಡ್, ಕಾಂಕ್ರೀಟು, ಎಲ್ಲದರಲ್ಲೂ ಸಿಲಿಕಾ ಅನ್ನುವ ಖನಿಜ ಇದೆ. ಗ್ರಾನೈಟ್‌ನಲ್ಲಿ ಸುಮಾರು ಮೂರನೇ ಒಂದು ಪಾಲು ಅದೇ. ಕಲ್ಲು ಕಲ್ಲಾಗಿರುವಾಗ ತೊಂದರೆ ಇಲ್ಲ. ಮಿಷನ್ ಅದನ್ನು ಪುಡಿ ಮಾಡಿದಾಗ ತೊಂದರೆ.

ನಮ್ಮ ಮೂಗು, ಗಂಟಲು ಒಂದು ಜರಡಿ. ದಪ್ಪ ಧೂಳು ಅಲ್ಲೇ ನಿಲ್ಲುತ್ತದೆ, ಸೀನಿ, ಕೆಮ್ಮಿ ಹೊರಹಾಕುತ್ತೇವೆ. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ನಾಲ್ಕೈದು ಮೈಕ್ರಾನಿನ ಸಿಲಿಕಾ ಕಣ ಆ ಜರಡಿಯನ್ನು ದಾಟಿ ಶ್ವಾಸಕೋಶದ ತಳಕ್ಕೆ ಹೋಗುತ್ತದೆ. ಅಲ್ಲಿ ಕಸ ತಿನ್ನುವ ಜೀವಕೋಶಗಳಿವೆ. ಅವು ಈ ಕಣವನ್ನು ನುಂಗುತ್ತವೆ, ಜೀರ್ಣಿಸಲಾಗದೆ ಸಾಯುತ್ತವೆ. ಕಣ ಮತ್ತೆ ಹೊರಗೆ ಬೀಳುತ್ತದೆ, ಇನ್ನೊಂದು ಕೋಶ ಬಂದು ನುಂಗುತ್ತದೆ. ಈ ಜಗಳ ನಡೆದ ಜಾಗದಲ್ಲೆಲ್ಲ ಗಾಯದ ಕಲೆ ಉಳಿಯುತ್ತದೆ. ಸ್ಪಂಜಿನ ಹಾಗಿದ್ದ ಶ್ವಾಸಕೋಶ ವರ್ಷಗಳ ಕಾಲ ಹೀಗೆ ಗಟ್ಟಿಯಾಗುತ್ತಾ ಹೋಗುವುದೇ ಸಿಲಿಕೋಸಿಸ್.

ಇದಕ್ಕೆ ವಾಸಿ ಮಾಡುವ ಔಷಧ ಇಲ್ಲ. ಲಕ್ಷಣ ಬಹಳಷ್ಟು ಕ್ಷಯದ ಹಾಗೆಯೇ: ಕೆಮ್ಮು, ಏದುಸಿರು, ತೂಕ ಇಳಿಯುವುದು. ಹೀಗಾಗಿ ಇದನ್ನು ಟಿಬಿ ಅಂತ ತಪ್ಪಾಗಿ ತಿಳಿದು ಔಷಧಿ ಕೊಡುವುದುಂಟು. ಸಿಲಿಕೋಸಿಸ್ ಇದ್ದವರಿಗೆ ನಿಜವಾದ ಟಿಬಿಯೂ ಸುಲಭವಾಗಿ ತಗಲುತ್ತದೆ. ಡಾಕ್ಟರ ಹತ್ತಿರ ಹೋದಾಗ ‘ಕೆಮ್ಮು’ ಅಂತ ಮಾತ್ರ ಹೇಳದೆ ‘ಕಲ್ಲು ಕಟ್ ಮಾಡೋ ಕೆಲಸ, ಎಂಟು ವರ್ಷದಿಂದ’ ಅಂತಲೂ ಹೇಳಬೇಕು. ಆ ಒಂದು ವಾಕ್ಯ ಚಿಕಿತ್ಸೆಯ ದಾರಿ ಬದಲಿಸಬಹುದು.

ಅಡುಗೆಮನೆ ಕಟ್ಟೆಗೆ ಈಗ ‘ಕ್ವಾರ್ಟ್ಜ್’ ಹೆಸರಿನ ಕೃತಕ ಕಲ್ಲು ಬರುತ್ತಿದೆ. ಅಂಟು ಸೇರಿಸಿ ಮಾಡಿದ ಆ ಕಲ್ಲುಗಳಲ್ಲಿ ಸಿಲಿಕಾ ಎಷ್ಟೋ ಸಲ ಶೇ 90ಕ್ಕೂ ಜಾಸ್ತಿ. ಅದನ್ನು ಕತ್ತರಿಸಿದ ಯುವಕರಲ್ಲಿ ಸಿಲಿಕೋಸಿಸ್ ಕಂಡ ಮೇಲೆ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂಥ ಕಲ್ಲನ್ನೇ ನಿಷೇಧಿಸಿತು. ಬಾಣಲೆಯ ಲೆಕ್ಕದಲ್ಲಿ ಮೊದಲ ಮೆಟ್ಟಿಲು ಅಂದರೆ ಇದು.

ಟವೆಲ್? ಅದರ ನೂಲಿನ ಸಂದುಗಳು ಈ ಕಣಕ್ಕೆ ರಾಜಬೀದಿ. ಎನ್95 ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂತರೆ ತಡೆಯುತ್ತದೆ. ಇವೆರಡಕ್ಕಿಂತ ಒಳ್ಳೆಯದು ನೀರು. ಕತ್ತರಿಸುವ ಬ್ಲೇಡಿಗೆ ಸಣ್ಣಗೆ ನೀರು ಬೀಳುತ್ತಿದ್ದರೆ ಧೂಳು ಏಳುವ ಮುಂಚೆಯೇ ಕೆಸರಾಗಿ ಕೂರುತ್ತದೆ. ನೀರು, ಕರೆಂಟು ಎರಡೂ ಒಟ್ಟಿಗೆ ಇರುವಲ್ಲಿ ನೀರಿಗೆಂದೇ ಮಾಡಿದ ಮಿಷನ್ ಬೇಕು, ಮೇಲೆ ಹೇಳಿದ ಆರ್‌ಸಿಸಿಬಿಯೂ ಇರಲೇಬೇಕು.

ಧೂಳಿನ ಜೊತೆಗೇ ಸಿಮೆಂಟಿನ ಮಾತು. ಹಸಿ ಸಿಮೆಂಟು ಬಲವಾದ ಕ್ಷಾರ. ಮೊದಲು ನೋವೇ ಆಗುವುದಿಲ್ಲ, ಸಂಜೆ ಹೊತ್ತಿಗೆ ಚರ್ಮ ಸುಟ್ಟಿರುತ್ತದೆ. ಕಾಂಕ್ರೀಟಿನಲ್ಲಿ ಬರಿಗಾಲಲ್ಲಿ ನಿಲ್ಲುವವರ ಬೆರಳ ಸಂದು ನೋಡಿದರೆ ಗೊತ್ತಾಗುತ್ತದೆ. ಗಮ್‌ಬೂಟು, ರಬ್ಬರ್ ಗ್ಲೌಸು, ತಾಗಿದ ಕೂಡಲೇ ಧಾರಾಳ ನೀರಲ್ಲಿ ತೊಳೆಯುವುದು.

ಮಡಕೆ ತಣ್ಣಗಾಗುವ ಹಾಗೆ

ಮಣ್ಣಿನ ಮಡಕೆಯ ನೀರು ಯಾಕೆ ತಣ್ಣಗಿರುತ್ತದೆ? ಮೈಯೆಲ್ಲ ಜಿನುಗಿದ ನೀರು ಆರುವಾಗ ಬಿಸಿಯನ್ನೂ ಎತ್ತಿಕೊಂಡು ಹೋಗುತ್ತದೆ. ಬೆವರೂ ಹಾಗೆಯೇ. ಮಡಕೆ ಖಾಲಿಯಾದರೆ ಜಿನುಗಲು ಏನೂ ಉಳಿಯುವುದಿಲ್ಲ. ಮಂಗಳೂರಿನಂಥ ಊರಲ್ಲಿ ಗಾಳಿಯೇ ಒದ್ದೆ. ಅಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ. ಥರ್ಮಾಮೀಟರ್ ರಾಯಚೂರಿಗಿಂತ ಕಡಿಮೆ ತೋರಿಸಿದರೂ ಮೈಯೊಳಗೆ ಬಿಸಿ ಏರುತ್ತದೆ.

ಕಲಬುರಗಿ ಕಡೆಯ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ಬಂದರೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೇ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಫ್ಯಾನಿನ ಕೆಳಗೆ ಕೂತವರಿಗೆ ಸಿಕ್ಕ ಈ ವೇಳಾಪಟ್ಟಿ ಮೋಲ್ಡಿನ ಮೇಲೆ ಕಬ್ಬಿಣ ಕಟ್ಟುವವರಿಗೆ ಇನ್ನೂ ಜಾಸ್ತಿ ಬೇಕು ಅನ್ನಿಸುತ್ತದೆ. ವೇಳೆ ಬದಲಾಯಿಸಲು ಖರ್ಚಿಲ್ಲ.

ಹೊಸಬರಿಗೆ ಅಪಾಯ ಹೆಚ್ಚು. ಬಿಸಿಲಿಗೆ ಮೈ ಒಗ್ಗಲು ದಿನಗಳು ಬೇಕು. ಹೊಸ ಆಳಿಗೆ ಮೊದಲ ದಿನ ಬಿಸಿಲಲ್ಲಿ ಪೂರ್ತಿ ಕೆಲಸದ ಐದನೇ ಒಂದು ಪಾಲು ಮಾತ್ರ ಕೊಟ್ಟು, ದಿನಕ್ಕೆ ಅಷ್ಟಷ್ಟೇ ಏರಿಸಿ ಅನ್ನುತ್ತದೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ. ಬಿಸಿಲಲ್ಲಿ ದುಡಿಯುವವರು ಬಾಯಾರಿಕೆಗೆ ಕಾಯದೆ ಕಾಲು ಗಂಟೆಗೊಮ್ಮೆ ಒಂದು ಲೋಟ ನೀರು ಕುಡಿಯಬೇಕು. ಮಾತು ತೊದಲಿದರೆ, ಅರ್ಥವಿಲ್ಲದೆ ಮಾತಾಡಿದರೆ ಅದು ಸುಸ್ತಲ್ಲ, ಬಿಸಿಲಿನ ಆಘಾತ. ನೆರಳಿಗೆ ತಂದು, ಮೈಮೇಲೆ ನೀರು ಸುರಿದು, ಗಾಳಿ ಬೀಸಿ, 108ಕ್ಕೆ ಫೋನ್ ಮಾಡಬೇಕು. ಜ್ಞಾನ ಇಲ್ಲದವರ ಬಾಯಿಗೆ ನೀರು ಹಾಕಬಾರದು.

‘ನೀರು ಇಟ್ಟಿದ್ದೀವಿ, ಹೆಂಗಸರು ಕುಡಿಯೋದೇ ಇಲ್ಲ’ ಅಂತ ಒಬ್ಬ ಗುತ್ತಿಗೆದಾರರು ನನ್ನ ಹತ್ತಿರ ಹೇಳಿದ್ದರು. ಆ ಸೈಟಿನಲ್ಲಿ ಶೌಚಾಲಯ ಇರಲಿಲ್ಲ. ಕುಡಿದರೆ ಹೋಗಬೇಕು, ಹೋಗಲು ಜಾಗವಿಲ್ಲ. ಹಾಗಾಗಿ ಬೆಳಿಗ್ಗೆಯಿಂದ ಸಂಜೆಯವರೆಗೆ ತಡೆದುಕೊಳ್ಳುತ್ತಾರೆ. ಉರಿಮೂತ್ರ, ಸೋಂಕು, ಮೂತ್ರಪಿಂಡದ ತೊಂದರೆ ಎಲ್ಲ ಅಲ್ಲಿಂದಲೇ ಶುರು.

ತಗಡಿನ ಶೆಡ್ಡಿನೊಳಗಿನ ಮನಸ್ಸು

ಯಾದಗಿರಿ, ರಾಯಚೂರು ಕಡೆಯಿಂದ ಗುಳೆ ಬಂದವರು, ಒಡಿಶಾ, ಬಿಹಾರದಿಂದ ರೈಲು ಹತ್ತಿ ಬಂದವರು, ಬೆಂಗಳೂರಿನ ಸೈಟುಗಳಲ್ಲಿ ಇವರೇ ಹೆಚ್ಚು. ಬರುವ ಮುಂಚೆಯೇ ಮುಂಗಡ ತೆಗೆದುಕೊಂಡಿರುತ್ತಾರೆ. ವಾರದ ಬಟವಾಡೆಯಲ್ಲಿ ಅದು ಮುರಿಯುತ್ತಾ ಹೋಗುತ್ತದೆ. ಮಳೆ ಬಂದರೆ ಕೆಲಸ ಇಲ್ಲ, ಕೂಲಿ ಇಲ್ಲ. ಮಲಗುವುದು ತಗಡಿನ ಶೆಡ್ಡು, ರಾತ್ರಿಯೂ ಸೆಕೆ, ಸೊಳ್ಳೆ. ಊರಲ್ಲಿ ಮಗಳಿಗೆ ಜ್ವರ ಅಂತ ಫೋನ್ ಬಂದರೂ ಹೋಗುವ ಹಾಗಿಲ್ಲ.

ಮನಸ್ಸಿನ ಆರೋಗ್ಯ ಅಂದರೆ ಹುಚ್ಚು ಇಲ್ಲದಿರುವುದು ಅಷ್ಟೇ ಅಂತ ತಿಳಿದವರು ಇದ್ದಾರೆ. ಹಾಗಲ್ಲ. ನಿದ್ದೆ ಬರುವುದು, ಚಿಂತೆಯನ್ನು ತಡೆದುಕೊಳ್ಳುವ ಶಕ್ತಿ ಇರುವುದು, ಕೆಲಸದ ಮೇಲೆ ಗಮನ ನಿಲ್ಲುವುದು, ನಾಲ್ಕು ಜನರ ಜೊತೆ ಬೆರೆಯಬೇಕು ಅನ್ನಿಸುವುದು, ಇದೆಲ್ಲ ಸೇರಿ ಮನಸ್ಸಿನ ಆರೋಗ್ಯ. ಇದು ಕೆಟ್ಟರೆ ಮೈಗೂ ಅಪಾಯ. ಎರಡು ರಾತ್ರಿ ನಿದ್ದೆ ಇಲ್ಲದವನು ಸಾರುವೆ ಹತ್ತಿದರೆ ಏನಾಗಬಹುದು ಊಹಿಸಿ. ನೋವು, ಚಿಂತೆ ಮರೆಯಲು ಸಂಜೆ ಕುಡಿತ. ಬೆಳಿಗ್ಗೆ ಅದೇ ಮಂಕಿನಲ್ಲಿ ಮತ್ತೆ ಕೆಲಸ.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಲ್ಲಿ 2021ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರಲ್ಲಿ ನಾಲ್ಕಕ್ಕೆ ಒಬ್ಬರು ದಿನಗೂಲಿಯವರು. ಅವರೆಲ್ಲ ಕಟ್ಟಡ ಕೆಲಸದವರಲ್ಲ. ಆದರೆ ದಿನದ ದುಡಿಮೆಯ ಮೇಲೆ ಬದುಕು ನಿಂತಾಗ ಮನಸ್ಸಿನ ಮೇಲೆ ಎಷ್ಟು ಭಾರ ಬೀಳುತ್ತದೆ ಅನ್ನುವುದನ್ನು ಈ ಲೆಕ್ಕ ಹೇಳುತ್ತದೆ.

ಏನು ಮಾಡಬಹುದು? ಆಸ್ಟ್ರೇಲಿಯಾದಲ್ಲಿ ಇದಕ್ಕೆಂದೇ ಒಂದು ಕಾರ್ಯಕ್ರಮ ಇದೆ. ಅಲ್ಲಿ ಸೈಟಿನ ಮಾಮೂಲಿ ಕೆಲಸಗಾರರಿಗೇ ತರಬೇತಿ ಕೊಡುತ್ತಾರೆ. ಜೊತೆಯವನು ಬದಲಾದದ್ದನ್ನು ಗಮನಿಸುವುದು, ಕೇಳುವುದು, ಸಹಾಯಕ್ಕೆ ಸೇರಿಸುವುದು, ಇಷ್ಟೇ ತರಬೇತಿ. ನಮ್ಮಲ್ಲಿ ಇದಕ್ಕೆ ಮೇಸ್ತ್ರಿಯೇ ಸರಿಯಾದ ಮನುಷ್ಯ. ಯಾರು ಊಟ ಬಿಟ್ಟಿದ್ದಾರೆ, ಯಾರು ಸುಮ್ಮಸುಮ್ಮನೆ ಸಿಡುಕುತ್ತಿದ್ದಾರೆ, ಯಾರು ತಮ್ಮ ಸಾಮಾನನ್ನು ಬೇರೆಯವರಿಗೆ ಹಂಚುತ್ತಿದ್ದಾರೆ, ಎಲ್ಲ ಅವರ ಕಣ್ಣಿಗೆ ಬೀಳುತ್ತದೆ. ‘ಊಟ ಆಯ್ತಾ? ಊರಿಗೆ ಫೋನ್ ಮಾಡಿದ್ಯಾ? ಯಾಕೋ ಮಂಕಾಗಿದ್ದೀಯಲ್ಲ’ ಅಂತ ಕೇಳಿದರೆ ಬಾಯಿ ಬಿಡುತ್ತಾರೆ.

ಅದಕ್ಕೂ ಮೀರಿದ್ದಾದರೆ 14416 ಇದೆ. ಇದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದುಡ್ಡು ಬೇಡ, ಹಗಲು ರಾತ್ರಿ ತೆರೆದಿರುತ್ತದೆ. ಕನ್ನಡದಲ್ಲೂ ಮಾತಾಡುತ್ತಾರೆ, ಬೇರೆ ರಾಜ್ಯದವರು ಅವರ ಭಾಷೆಯಲ್ಲೂ ಮಾತಾಡಬಹುದು. ಒಂದು ಅಪಘಾತ ಕಣ್ಣೆದುರು ನಡೆದಾಗ ಅದನ್ನು ನೋಡಿದವರಿಗೂ ಇದು ಬೇಕಾಗುತ್ತದೆ. ಸಾಮಾನ್ಯವಾಗಿ ಅವರನ್ನು ಮಾರನೇ ದಿನವೇ ಅದೇ ಸಾರುವೆಗೆ ಹತ್ತಿಸುತ್ತೇವೆ.

ಕಾರ್ಡು ಮತ್ತು ಕಾನೂನು

1996ರಲ್ಲಿ ಕಟ್ಟಡ ಕಾರ್ಮಿಕರಿಗಾಗಿಯೇ ಕಾನೂನು ಬಂತು. ಕಟ್ಟುವವರಿಂದ ವೆಚ್ಚದ ಶೇ 1ರಷ್ಟು ಸೆಸ್ ತೆಗೆದುಕೊಂಡು, ಅದನ್ನು ಕಾರ್ಮಿಕರಿಗೆ ಖರ್ಚು ಮಾಡುವುದು ಅದರ ತಿರುಳು. ಕರ್ನಾಟಕದಲ್ಲಿ ಇದಕ್ಕೆ 2007ರಿಂದ ಕಲ್ಯಾಣ ಮಂಡಳಿ ಇದೆ. 18ರಿಂದ 60 ವರ್ಷದೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ, ಅಲ್ಲಿ ಹೆಸರು ಬರೆಸಿ ಕಾರ್ಡ್ ಪಡೆಯಬಹುದು. ಅಪಘಾತ ಪರಿಹಾರ, ಪಿಂಚಣಿ, ಹೆರಿಗೆ, ಮದುವೆ, ಮಕ್ಕಳ ಓದು, ಇದಕ್ಕೆಲ್ಲ ನೆರವು ಈ ಕಾರ್ಡಿನ ಮೇಲೆ ಸಿಗುತ್ತದೆ. ತೊಡಕು ಆ 90 ದಿನ ಕೆಲಸ ಮಾಡಿದ್ದಕ್ಕೆ ತೋರಿಸಬೇಕಾದ ಪತ್ರದಲ್ಲಿ. ಇಂದು ಈ ಮೇಸ್ತ್ರಿ, ನಾಳೆ ಇನ್ನೊಬ್ಬರು ಅಂತ ಓಡಾಡುವವರಿಗೆ ಅದನ್ನು ಯಾರು ಬರೆದುಕೊಡಬೇಕು? ಗೊತ್ತಾಗದಿದ್ದರೆ ಕಾರ್ಮಿಕ ಸಹಾಯವಾಣಿ 155214ಕ್ಕೆ ಕೇಳಬಹುದು.

ಸುರಕ್ಷತೆಯ ಹೊಸ ಸಂಹಿತೆ ನೇಮಕಾತಿ ಪತ್ರ ಕೊಡಬೇಕು ಅನ್ನುತ್ತದೆ. 40 ದಾಟಿದವರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಎಂದೂ ಸರ್ಕಾರ ಹೇಳಿದೆ. ಆದರೆ ಕಟ್ಟಡ ಕೆಲಸದ ಅದರ ವ್ಯಾಖ್ಯಾನದಿಂದ ಹೊರಗುಳಿದವುಗಳಲ್ಲಿ ಎರಡು ಇವು: ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಕೆಲಸ, ಮತ್ತು ಸ್ವಂತ ವಾಸಕ್ಕೆ 50 ಲಕ್ಷದೊಳಗೆ ಕಟ್ಟುವ ಮನೆ. ಹಳೆ ಕಾನೂನಿನಲ್ಲಿ ಈ ಮಿತಿ 10 ಲಕ್ಷ ಇತ್ತು. ಅಂದರೆ ನಮ್ಮ ಬೀದಿಯ ಬಹಳಷ್ಟು ಮನೆಗಳಿಗೆ ಇನ್ಸ್‌ಪೆಕ್ಟರ್ ಬರುವುದಿಲ್ಲ.

ಮನೆ ಕಟ್ಟಿಸುವವರು ನೋಡಬೇಕಾದ್ದು

ಇಂಥ ಮನೆಗಳಲ್ಲಿ ಉಳಿಯುವುದು ಮಾಲೀಕರ ಕಣ್ಣು ಒಂದೇ. ಮೇಸ್ತ್ರಿಯ ಜೊತೆ ಚದರಡಿ ಲೆಕ್ಕದ ಮಾತು ಮುಗಿಸುವಾಗ ಆ ರೇಟಿನಲ್ಲಿ ಕಂಬಿ, ಸಾರುವೆ, ಶೌಚಾಲಯ, ಆರ್‌ಸಿಸಿಬಿ ಸೇರಿದೆಯಾ ಅಂತ ಕೇಳಿ. ಸೇರಿಲ್ಲ ಅಂದರೆ ಬೇರೆ ಸಾಲಿನಲ್ಲಿ ಬರೆದು ಬೇರೆ ದುಡ್ಡು ಕೊಡಿ. ರೇಟಿನೊಳಗೆ ಅಡಗಿದ್ದರೆ ಮೊದಲು ಕಡಿತ ಆಗುವುದು ಅದೇ. ಪಾಯ ತೋಡುವ ಮುಂಚೆಯೇ ಶೌಚಾಲಯದ ಗುಂಡಿ ತೋಡಿಸಿ. ಗೃಹಪ್ರವೇಶದ ದಿನಾಂಕವನ್ನು ಜಾಕಿ ತೆಗೆಯುವ ದಿನದಿಂದ ಲೆಕ್ಕ ಹಾಕಿ, ಉಲ್ಟಾ ಬೇಡ.

ಎದುರು ಸೈಟಿನ ಮೇಸ್ತ್ರಿಯನ್ನು ಮೊನ್ನೆ ಕೇಳಿದೆ, ನೀರು ಹಾಕಿ ಕಟ್ ಮಾಡಿಸಬಹುದಲ್ಲ ಅಂತ. ಖರ್ಚು ಅನ್ನುತ್ತಾರೆ ಅಂದುಕೊಂಡಿದ್ದೆ. ‘ಸರ್, ನೀರು ಬಿದ್ರೆ ಪೆನ್ಸಿಲ್ ಗೀಟು ಅಳಿಸಿಹೋಗುತ್ತೆ. ಕಟಿಂಗ್ ಸೊಟ್ಟ ಆದ್ರೆ ಓನರ್ ಬೈತಾರೆ’ ಎಂದರು. ಮೇಣದ ಬಳಪದ ಗೀಟು ನೀರಿಗೆ ಅಳಿಸುವುದಿಲ್ಲ. ಮಕ್ಕಳ ಕ್ರೇಯಾನ್ ಆದರೂ ನಡೆಯುತ್ತದೆ.